ಅಪ್ಪನ ಮಗ್ಗದ ಕುಣಿಯಲ್ಲಿ ಸುಶಿ ಊಟ

ನನ್ನ ಬಾಯಿ ಒಳ್ಳೆಯದಲ್ಲ. ಚಳ್ಳಕೆರೆಯಲ್ಲಿ ನನ್ನ ಹತ್ತಿರ ರವಿಕೆ ಹೊಲಿಸಿಕೊಂಡ ಯಾರನ್ನು ಬೇಕಾದರೂ ಕೇಳಿ, ಹೊಲಿಗೆ ಚೆನ್ನಾಗಿದೆ, ಬಾಯಿ ಮಾತ್ರ ದೇವರಿಗೇ ಪ್ರೀತಿ ಅನ್ನುತ್ತಾರೆ. ಮದುವೆಯ ಹಿಂದಿನ ದಿನ ಬಟ್ಟೆ ತಂದುಕೊಟ್ಟು ನಾಳೆ ಬೆಳಿಗ್ಗೆಯೇ ಬೇಕು ಅನ್ನುವವರಿಗೆ ನಾನು ಹೇಳುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವರಿಗೆ ಅಂದದ್ದಕ್ಕೆಲ್ಲ ನನಗೆ ಬೇಸರವೇನೂ ಇಲ್ಲ. ಅವ್ವನಿಗೆ ಅಂದ ಒಂದು ಮಾತು ಮಾತ್ರ ಇವತ್ತಿಗೂ ವಾಪಸ್ ತೆಗೆದುಕೊಳ್ಳಬೇಕು ಅನ್ನಿಸುತ್ತದೆ.

ಅಪ್ಪ ಹೋದ ಮೇಲೆ ಅವ್ವ ಸ್ವಲ್ಪ ಕಾಲ ಮೊಳಕಾಲ್ಮುರಿನಲ್ಲಿ ತಮ್ಮನ ಮನೆಯಲ್ಲಿ, ಸ್ವಲ್ಪ ಕಾಲ ಚಳ್ಳಕೆರೆಯಲ್ಲಿ ನನ್ನ ಮನೆಯಲ್ಲಿ ಇರುತ್ತಿದ್ದಳು. ನನ್ನ ಹತ್ತಿರ ಇದ್ದಾಗಲೇ ಅವಳ ಕೈ ನಡುಗಲು ಶುರುವಾದದ್ದು. ಮೊದಮೊದಲು ಲೋಟದ ಚಹಾ ತುಳುಕುತ್ತಿತ್ತು. ಆಮೇಲಾಮೇಲೆ ತುತ್ತು ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಸೆರಗಿನ ಮೇಲೆ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ನಡುಕ ಪೂರ್ತಿ ಹೋಗುವುದಿಲ್ಲ, ಹೊಟ್ಟೆ ತುಂಬ ತಿನ್ನಿಸಿ, ಸೊರಗಬಾರದು ಅಂದರು. ತಿನ್ನಿಸಿ ಅನ್ನುವುದೇನೋ ಸುಲಭ. ನಾನು ತಟ್ಟೆಗೆ ಕೈಹಾಕಿದರೆ ಅವ್ವ ಅದನ್ನು ಆ ಕಡೆ ಎಳೆದುಕೊಳ್ಳುತ್ತಿದ್ದಳು.

"ನಾನು ತಿನ್ನಿಸಿದೋಳು ಕಣೇ. ತಿನ್ನಿಸ್ಕೊಳ್ಳೋಳಲ್ಲ."

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರ ಜೊತೆಗೋ ಜಗಳವಾಡಿ ಉರಿಯುತ್ತಾ ಮನೆಗೆ ಬಂದೆ. ಅವ್ವ ಊಟಕ್ಕೆ ಕೂತಿದ್ದಳು. ಹೊಲಿಯಬೇಕೆಂದು ತಂದಿಟ್ಟಿದ್ದ ಗಿರಾಕಿಯ ಹೊಸ ರೇಷ್ಮೆ ಬಟ್ಟೆ ಅವಳ ಪಕ್ಕದಲ್ಲೇ ಇತ್ತು. ಇಟ್ಟವಳು ನಾನೇ. ನನ್ನ ಕಣ್ಣೆದುರೇ ಬದನೆಕಾಯಿ ಎಣ್ಣೆಗಾಯಿಯ ತುತ್ತು ಜಾರಿ ಅದರ ಮೇಲೆ ಬಿತ್ತು.

"ಅಯ್ಯೋ ನಿನ್ನ! ಸಣ್ಣ ಮಕ್ಕಳಿಗಿಂತ ಕಡೆ ಆದ್ಯಲ್ಲ! ಚೆಲ್ಲೋದಾದ್ರೆ ತಿನ್ನೋದಾದ್ರೂ ಯಾಕೆ?" ಅಂದುಬಿಟ್ಟೆ.

ಅವ್ವ ಕೈತೊಳೆದು ಬಂದು, ಕನ್ನಡಿಯ ಹತ್ತಿರವಿದ್ದ ಮುಖದ ಪೌಡರ್ ತೆಗೆದುಕೊಂಡು ಎಣ್ಣೆ ಹೀರಲೆಂದು ಕಲೆಯ ಮೇಲೆ ಉದುರಿಸಿದಳು. ಕೈ ನಡುಗಿ ಅರ್ಧ ಪೌಡರ್ ನೆಲಕ್ಕೇ ಹೋಯಿತು. ಮಾರನೇ ದಿನದಿಂದ ತಟ್ಟೆ ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ತಿನ್ನತೊಡಗಿದಳು. ಕೇಳಿದರೆ "ಹೊಟ್ಟೆ ತುಂಬ್ತು" ಅನ್ನುವಳು. ತಟ್ಟೆ ನೋಡಿದರೆ ಹಾಕಿದ್ದು ಹಾಗೇ ಇರುತ್ತಿತ್ತು.

ದೀಪಾವಳಿಗೆ ಅವಳಿಗೊಂದು ರವಿಕೆ ಹೊಲಿಯೋಣವೆಂದು ಅಳತೆ ತೆಗೆದೆ. ತೋಳು ಹೋದ ವರ್ಷಕ್ಕಿಂತ ಒಂದೂವರೆ ಇಂಚು ಇಳಿದಿತ್ತು. ಮನುಷ್ಯರು ಸುಳ್ಳು ಹೇಳಬಹುದು, ಟೇಪಿಗೆ ಬರುವುದಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡೇ ಅವಳ ಕಾಲ ಹತ್ತಿರ ಕೂತೆ. "ತಪ್ಪಾಯ್ತು ಅವ್ವ, ಆವತ್ತು ಹಂಗೆ ಅನ್ನಬಾರದಾಗಿತ್ತು" ಅಂದೆ.

"ಏನಂದಿದ್ದೆ? ನಂಗೆ ನೆನಪೇ ಇಲ್ಲ ಬಿಡು" ಅಂದಳು. ಅವಳು ಒಂದು ಅಕ್ಷರವನ್ನೂ ಮರೆತಿಲ್ಲ ಎಂದು ಆಗ ಗೊತ್ತಾಯಿತು.

ಅವ್ವ ನಿಜಕ್ಕೂ ತಿನ್ನಿಸಿದವಳೇ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಪ್ಪನದು ಕುಣಿಮಗ್ಗ. ನೆಲದಲ್ಲಿ ಸೊಂಟದವರೆಗಿನ ಒಂದು ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂತು ನೇಯಬೇಕು. ನೇಯುವವನ ಕೈಗೆ ಎಣ್ಣೆಯ ಪಸೆ ತಾಗಬಾರದು, ತಾಗಿದರೆ ಸೀರೆಗೆ ತಾಗುತ್ತದೆ, ಸೀರೆಗೆ ತಾಗಿದರೆ ಕೆಲಸವೆಲ್ಲ ಹಾಳು. ಅದಕ್ಕೇ ಕೆಲಸದ ಭರದಲ್ಲಿ ಅಪ್ಪ ಊಟಕ್ಕೆಂದು ಮೇಲೇಳುತ್ತಿರಲಿಲ್ಲ. ಅವ್ವ ತಟ್ಟೆ ಹಿಡಿದು ಕುಣಿಯ ದಡದಲ್ಲಿ ಕೂತು, ತುತ್ತು ಮಾಡಿ, ನಮ್ಮ ಮನೆಮಾತಾದ ತೆಲುಗಿನಲ್ಲಿ "ಇದಿಗೋ" ಅನ್ನುವಳು. ತಗೋ, ಇಲ್ಲಿದೆ, ಅಂತ. ಅಪ್ಪ ನೂಲಿನ ಮೇಲಿನ ಕಣ್ಣು ತೆಗೆಯದೆ ಬಾಯಿ ತೆರೆಯುತ್ತಿದ್ದ. ನಾನೂ ತಮ್ಮನೂ ಬೆಳೆದದ್ದು ಇದನ್ನೇ ನೋಡಿಕೊಂಡು. ಅವ್ವ ತಾನು ಯಾವಾಗ ತಿನ್ನುತ್ತಿದ್ದಳೋ ನಾವು ನೋಡಿದ್ದಿಲ್ಲ, ನಮಗೆ ಕೇಳಬೇಕು ಅಂತಲೂ ಅನ್ನಿಸಿರಲಿಲ್ಲ.

ಆ ದೀಪಾವಳಿ ಕಳೆದ ಮೇಲೆ ಲೈನಿಂಗ್ ಬಟ್ಟೆ, ಲೇಸು ತರಲು ಬೆಂಗಳೂರಿಗೆ ಹೋದೆ. ತಮ್ಮನ ಮಗಳು ಅಲ್ಲಿ ಅಡುಗೆ ಕೆಲಸದಲ್ಲಿದ್ದಾಳೆ. ಎಂಟೇ ಕುರ್ಚಿಗಳ ಒಂದು ಜಪಾನಿ ಹೋಟೆಲು. "ಮಧ್ಯಾಹ್ನಕ್ಕೆ ಒಂದು ಕುರ್ಚಿ ಖಾಲಿ ಐತೆ, ಬಾ ಅತ್ತೆ" ಅಂದಳು. ಬಟ್ಟೆಯ ಗಂಟು ಹೊತ್ತುಕೊಂಡೇ ಹೋದೆ.

ಒಂದು ಉದ್ದದ ಮರದ ಹಲಗೆ, ಈ ಕಡೆ ನಾವು ಎಂಟು ಜನ ಸಾಲಾಗಿ, ಆ ಕಡೆ ಬಿಳಿ ಅಂಗಿ ತೊಟ್ಟ ನಮ್ಮ ಹುಡುಗಿ. ಅವಳ ಪಕ್ಕದಲ್ಲಿ ಅವಳಿಗೆ ಕೆಲಸ ಕಲಿಸಿದ ವಯಸ್ಸಾದ ಜಪಾನಿ ಗುರು, ಕೈಕಟ್ಟಿ ನಿಂತು ನೋಡುತ್ತಿದ್ದರು.

"ತಿನ್ನೋಕೆ ಏನೇನೈತೆ?" ಅಂತ ಮೆಲ್ಲಗೆ ಕೇಳಿದೆ.

"ನಾನು ಕೊಟ್ಟಿದ್ದು" ಅಂದಳು. ಈ ಊಟಕ್ಕೆ ಒಮಾಕಾಸೆ ಅನ್ನುತ್ತಾರಂತೆ, ನಿಮಗೇ ಬಿಟ್ಟಿದ್ದೇವೆ, ನೀವೇ ನೋಡಿ ಕೊಡಿ, ಅಂತ ಅರ್ಥವಂತೆ. ಕೊಡುವುದು ಸುಶಿ, ಒಂದೊಂದೇ ಪುಟ್ಟ ಹಿಡಿ ಅನ್ನ, ಅದರ ಮೇಲೆ ಒಂದು ಹೋಳು ಮೀನು. ಕೊಟ್ಟ ತಕ್ಷಣ ಒಂದೇ ಬಾಯಿಗೆ ತಿನ್ನಬೇಕು. ಹಸಿ ಮೀನು! ನಮ್ಮಲ್ಲಿ ಬೆಕ್ಕಿಗೆ ಹಾಕುವ ಪದಾರ್ಥ. ತಮ್ಮನ ಮಗಳ ಮರ್ಯಾದೆ ಹೋಗಬಾರದೆಂದು ಕಣ್ಣುಮುಚ್ಚಿ ಬಾಯಿಗೆ ಹಾಕಿಕೊಂಡೆ. ಬೆಣ್ಣೆಯಂತೆ ಕರಗಿತು. ಕಣ್ಣು ಬಿಟ್ಟು ನೋಡಿದರೆ ಟೈ ಕಟ್ಟಿದವರೂ ಇಂಗ್ಲಿಷಿನವರೂ ಎಲ್ಲರೂ ಕೈಯಲ್ಲೇ ತಿನ್ನುತ್ತಿದ್ದರು, ನನಗೂ ಧೈರ್ಯ ಬಂತು.

ನನ್ನ ಪಕ್ಕದಲ್ಲಿ ಒಬ್ಬ ಮುದುಕರು ಕೂತಿದ್ದರು. ಅವರ ಬೆರಳು ಬಿಗಿಯಾಗಿ ಹಿಡಿಯುತ್ತಿರಲಿಲ್ಲ, ಮೊದಲನೆಯದು ಬಾಯಿ ಮುಟ್ಟುವ ಮುಂಚೆ ಬಿಚ್ಚಿಹೋಗಿ ಅಗುಳು ಚೆಲ್ಲಿತು. ನಾನು ತಟ್ಟನೆ ಹಲಗೆಯ ಆ ಕಡೆ ನೋಡಿದೆ. ನಮ್ಮ ಹುಡುಗಿ ಅತ್ತ ನೋಡಿದ ಹಾಗೂ ಕಾಣಲಿಲ್ಲ. ಆದರೆ ಅವರಿಗೆ ಕೊಟ್ಟ ಎರಡನೆಯದು ಚಿಕ್ಕದಿತ್ತು, ಒತ್ತಿ ಕಟ್ಟಿದ್ದಳು. ಮೂರನೆಯದು ಕಪ್ಪು ಕಾಗದದಂಥ ಸಮುದ್ರಪಾಚಿಯ ಹಾಳೆಯಲ್ಲಿ ಸುತ್ತಿ ಕೊಟ್ಟಳು. ಆಮೇಲೆ ಅವರಿಂದ ಒಂದು ಅಗುಳೂ ಬೀಳಲಿಲ್ಲ. ಅವರಿಗೆ ತಮಗಾಗಿ ಬೇರೆ ಮಾಡಿದ್ದಾಳೆಂದು ಗೊತ್ತಾಗಲೂ ಇಲ್ಲ.

ಎಲ್ಲರೂ ಎದ್ದು ಹೋದ ಮೇಲೆ "ಅದೆಂಗೆ ಮಾಡ್ದೆ?" ಅಂದೆ.

"ಇಲ್ಲಿ ಬಾಯಿಬಿಟ್ಟು ಕೇಳಂಗಿಲ್ಲ ಅತ್ತೆ. ತಿನ್ನೋರ ಕೈ ನೋಡ್ಬೇಕು. ಎರಡು ವರ್ಷ ಬರೀ ಅಕ್ಕಿ ತೊಳೆಸಿದ್ರು, ಆಮೇಲೆ ಕಲಿಸಿದ್ದೇ ಇದನ್ನ."

ನಾನು ಆ ಹಲಗೆಗೆ ತಲೆಯಿಟ್ಟು ಅತ್ತೇಬಿಟ್ಟೆ. ಜಪಾನಿ ಗುರುಗಳು ಗಾಬರಿಯಾಗಿ ನೀರು ತಂದಿಟ್ಟರು, ಪಾಪ, ಮೀನು ಸರಿಹೋಗಲಿಲ್ಲ ಅಂದುಕೊಂಡರೇನೋ. ಅವ್ವನ ಕೈ ನಡುಕ, ನಾನಂದ ಮಾತು, ಮುಚ್ಚಿದ ಬಾಗಿಲು, ಇಳಿದ ತೋಳಿನ ಅಳತೆ, ಎಲ್ಲ ಹೇಳಿದೆ. "ಹಿಂಗೇ ಬಿಟ್ರೆ ಅವ್ವ ಉಳಿಯಲ್ಲ ಕಣೇ. ನನ್ನ ಬಾಯಿಂದಲೇ ಹೋಗ್ತಾಳೆ" ಅಂದೆ.

ಹುಡುಗಿ ಹಲಗೆಯನ್ನು ಈ ತುದಿಯಿಂದ ಆ ತುದಿಗೆ ಒರೆಸಿದಳು. "ಮುಂದಿನ ತಿಂಗಳು ರಜೆಗೆ ಊರಿಗೆ ಬರ್ತೀನಿ. ಅಜ್ಜಿನ ಮೊಳಕಾಲ್ಮುರಿಗೆ ಕರ್ಕೊಂಡು ಬಾ. ಒಂದಿನ ನನ್ನ ಹೋಟ್ಲು ಅಲ್ಲೇ ಹಾಕ್ತೀನಿ. ಹೆಂಗೂ ಕಾಲು ಇಳಿಬಿಟ್ಟು ಕೂರೋಕೆ ತಾತನ ಕುಣಿ ಐತಲ್ಲ" ಅಂದಳು.

ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಬಿ.ಜಿ. ಕೆರೆ ಊರು ದಾಟುವಾಗ ಕಿಟಕಿಯ ಸರಳು ಹಿಡಿದಿದ್ದ ಅವಳ ಮುಂಗೈಯಲ್ಲಿ ಬಳೆಗಳು ಮೊಣಕೈವರೆಗೂ ಜಾರಿಹೋಗಿದ್ದವು. ನಾನು ಹೊರಗಿನ ಶೇಂಗಾ ಹೊಲ ನೋಡಿಕೊಂಡು ಕೂತೆ.

ತಮ್ಮ ಇನ್ನೂ ನೇಯುತ್ತಾನೆ, ಅವನ ಮಗ್ಗ ಪಕ್ಕದ ಅಂಕಣದಲ್ಲಿದೆ. ಅಪ್ಪನ ಮಗ್ಗ ಮಾತ್ರ ನೂಲಿಲ್ಲದೆ ಬರೀ ಮರದ ಕಂಬಗಳಾಗಿ ನಿಂತಿದೆ. ಹುಡುಗಿ ಬೆಳಿಗ್ಗೆಯೇ ಕುಣಿ ಗುಡಿಸಿ, ಅದರ ಮೇಲೆ ಅಡ್ಡಲಾಗಿ ಹಲಗೆ ಹಾಕಿದ್ದಳು. ಹಸಿ ಮೀನು ತಂದಿರಲಿಲ್ಲ. ಅದು ಬಸ್ಸಿನಲ್ಲಿ ತರುವ ವಸ್ತುವಲ್ಲವಂತೆ, ಕೆರೆ ಮೀನನ್ನು ಹಸಿಯಾಗಿ ತಿನ್ನಲೇಬಾರದಂತೆ. ಸುಟ್ಟ ಬದನೆಕಾಯಿ, ಪದರ ಪದರವಾಗಿ ಸುತ್ತಿದ ಮೊಟ್ಟೆ, ಎಳೆ ಸೌತೆ, ಹುರಿದ ಶೇಂಗಾದ ಪುಡಿ ಎಲ್ಲ ಸಣ್ಣ ಸಣ್ಣ ಬಟ್ಟಲಲ್ಲಿ ಜೋಡಿಸಿಟ್ಟಿದ್ದಳು.

"ಅಜ್ಜಿ, ನೀನು ತಾತನ ಜಾಗದಲ್ಲಿ ಕೂತ್ಕೊ."

"ನಾನಾ? ಅಲ್ಲಿ ನಾನ್ಯಾವತ್ತು ಕೂತಿದ್ದೆ?" ಅಂದಳು ಅವ್ವ. ಅನ್ನುತ್ತಲೇ ನನ್ನ ಭುಜ ಹಿಡಿದು ಕುಣಿಗೆ ಕಾಲು ಇಳಿಬಿಟ್ಟು ಕೂತಳು. ನಾನು ಅವಳ ಪಕ್ಕ, ದಡದ ಮೇಲೆ. ಹುಡುಗಿ ಹಲಗೆಯ ಆ ಕಡೆ.

ಮೊದಲನೆಯದನ್ನು ಚಿಕ್ಕದಾಗಿ, ಬಿಗಿಯಾಗಿ ಕಟ್ಟಿ ಅವ್ವನ ಮುಂದಿಟ್ಟಳು. ಅವ್ವ ಎತ್ತಿಕೊಂಡಳು. ಕೈ ನಡುಗಿತು. ಬಿಗಿಯಾಗಿ ಕಟ್ಟಿದ್ದೇನೋ ಬಿಚ್ಚಲಿಲ್ಲ, ಇಡೀ ತುತ್ತೇ ಬೆರಳಿಂದ ಜಾರಿ ಕುಣಿಯೊಳಗೆ ಬಿತ್ತು. ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಂಗೆ ಹಸಿವಿಲ್ಲ. ನೀವು ತಿನ್ನಿ" ಅಂದು ಏಳಲು ಹೊರಟಳು.

ಹುಡುಗಿ ಗಡಿಬಿಡಿ ಮಾಡಲಿಲ್ಲ. ಕೈ ಒರೆಸಿಕೊಂಡು ಎದ್ದು ತನ್ನಪ್ಪನ ಮಗ್ಗದ ಕಡೆಯಿಂದ ಗಿಳಿಹಸಿರು ರೇಷ್ಮೆ ನೂಲಿನ ಒಂದು ಲಡಿ ತಂದು ಅವ್ವನ ಮಡಿಲಿಗೆ ಹಾಕಿದಳು.

"ಅಜ್ಜಿ, ಇದು ಸಿಕ್ಕಾಗೈತೆ. ಒಂಚೂರು ಬಿಡಿಸ್ಕೊಡು. ಅಪ್ಪಂಗೆ ಈಗ್ಲೇ ಬೇಕಂತೆ. ಎಣ್ಣೆ ಕೈ ತಾಗಿಸ್ಬೇಡ ಮತ್ತೆ."

"ನಂಗೆ ಹೇಳಿಕೊಡ್ತೀಯೇನೇ?" ಅಂತ ಗದರಿಕೊಂಡು ಅವ್ವ ಸೆರಗಿಗೆ ಎರಡೂ ಕೈ ಉಜ್ಜಿ ಲಡಿ ಹಿಡಿದಳು. ನಡುಕ ನಿಂತಿತು ಅಂತ ಬರೆದರೆ ಸುಳ್ಳಾಗುತ್ತದೆ. ನಿಲ್ಲಲಿಲ್ಲ. ಆದರೆ ನೂಲು ಬಿಡಿಸುವವರ ಕೈ ಹೇಗೂ ಅಲುಗಾಡುತ್ತಲೇ ಇರುತ್ತದೆ.

ಹುಡುಗಿ ಎರಡನೆಯದನ್ನು ಅವ್ವನ ಮುಂದೆ ಇಡಲಿಲ್ಲ, ನನ್ನ ಮುಂದೆ ಇಟ್ಟಳು. ಇಟ್ಟು ನನ್ನ ಮುಖವನ್ನೇ ನೋಡಿದಳು. ನಾನು ಕೂತಿರುವುದು ಅವ್ವ ತಟ್ಟೆ ಹಿಡಿದು ಕೂರುತ್ತಿದ್ದ ದಡದಲ್ಲಿ ಎಂದು ಆಗ ಹೊಳೆಯಿತು. ತುತ್ತು ಎತ್ತಿದೆ. ಅವ್ವನ ಬಾಯಿಯ ಹತ್ತಿರ ಹಿಡಿದೆ.

"ಇದಿಗೋ" ಅಂದೆ.

ಅವ್ವ ನೂಲಿನ ಮೇಲಿನ ಕಣ್ಣು ತೆಗೆಯಲಿಲ್ಲ. ಬಾಯಿ ತೆರೆದಳು.

ಒಂಬತ್ತು ತಿಂದಳು. ನಾನು ಎಣಿಸಿದೆ, ದೃಷ್ಟಿಯಾದರೆ ಆಗಲಿ ಅಂತ ಎಣಿಸಿದೆ. ಮಧ್ಯೆ "ಅನ್ನಕ್ಕೆ ಹುಳಿ ಜಾಸ್ತಿ ಆಯ್ತು" ಅಂತ ತಪ್ಪು ಹುಡುಕಿದಳು. "ಆ ಬದನೆಕಾಯಿದು ಇನ್ನೊಂದು ಕೊಡು" ಅಂದಳು. ಇಲ್ಲಿ ಹಾಗೆಲ್ಲ ಕೇಳಂಗಿಲ್ಲ ಅಜ್ಜಿ ಅಂತ ಹುಡುಗಿ ಅಂದರೆ, "ಯಾವ ಸೀಮೆ ಹೋಟ್ಲೇ ಇದು!" ಅಂದಳು. ಬದನೆಕಾಯಿಯದು ಇನ್ನೂ ಎರಡು ಸಿಕ್ಕಿತು. ಅವ್ವ ನಗುತ್ತಿದ್ದದ್ದು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಬಾಯಿಬಡುಕಿ ನಾನು ಒಂದು ಮಾತೂ ಆಡದೆ ತಿನ್ನಿಸುತ್ತಾ ಹೋದೆ.

ಹುಡುಗಿ ಬಟ್ಟಲು ತೊಳೆಯಲು ಹಿತ್ತಲಿಗೆ ಹೋದಳು. ಅವ್ವನಿಗೆ ಗೊತ್ತಾಗಲಿಲ್ಲ, ಸದ್ಯ ಗೆದ್ದೆವು ಅಂದುಕೊಂಡು ನಾನು ಕೈ ಒರೆಸಿಕೊಳ್ಳುತ್ತಿದ್ದೆ. ಅವ್ವ ಲಡಿಯನ್ನು ನನ್ನ ತೊಡೆಯ ಮೇಲಿಟ್ಟಳು.

"ಇದು ಸಿಕ್ಕೇ ಆಗಿರ್ಲಿಲ್ಲ ಕಣೇ."

ನನ್ನ ಮುಖ ಬಿಳಿಚಿಕೊಂಡಿರಬೇಕು. ಅವಳು ಅಪ್ಪನ ಮಗ್ಗದ ಕಂಬವನ್ನು ಸವರುತ್ತಾ ಹೇಳಿದಳು. "ನಿಮ್ಮಪ್ಪಂಗೆ ಕೊನೇ ವರ್ಷ ಕಣ್ಣು ಕಾಣ್ತಿರ್ಲಿಲ್ಲ. ಬೆರಳು ಮಡಚ್ತಿರ್ಲಿಲ್ಲ. ಮಗ್ಗದಾಗೆ ಒಂದೆಳೆ ನೂಲಿಲ್ಲ. ಹಂಗಿದ್ರೂ ಊಟದ ಹೊತ್ತಿಗೆ ಸರಿಯಾಗಿ ಬಂದು ಇಲ್ಲಿ ಕೂತು ಖಾಲಿ ಲಾಳಿ ಹಿಡ್ಕೊಳ್ತಿದ್ರು. ಕೆಲಸ ಐತೆ, ಏಳೋಕಾಗಲ್ಲ ಅಂತಿದ್ರು. ನಾನು ಖಾಲಿ ಮಗ್ಗ ಕಂಡೇ ಇಲ್ಲ ಅನ್ನೋಹಂಗೆ ಇದಿಗೋ ಅಂತಿದ್ದೆ."

"ಅಪ್ಪಂಗೆ ಗೊತ್ತಿತ್ತಾ, ನಿಂಗೆ ಗೊತ್ತೈತೆ ಅಂತ?"

"ಗೊತ್ತಿಲ್ದೆ ಏನು? ಅಷ್ಟು ದಿನ ಬಾಳಿದೋರು." ನನ್ನ ತೊಡೆಯ ಮೇಲಿನ ಲಡಿ ನೇವರಿಸುತ್ತಾ ಅಂದಳು, "ನೀನು ಆವತ್ತು ಬೈದಿದ್ದು ನೆನಪೈತೆ. ರೇಷ್ಮೆ ಮೇಲೆ ಎಣ್ಣೆ ಬಿದ್ರೆ ನಾನಾಗಿದ್ರೂ ಬೈತಿದ್ದೆ. ಸಾಕು, ಇನ್ನು ಅದನ್ನ ಇಟ್ಕೊಂಡು ಕೊರಗಬೇಡ."

ನಾನು ಅವಳ ಭುಜಕ್ಕೆ ಮುಖವಿಟ್ಟು ಅತ್ತೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಕೈ ನಡುಗುತ್ತಲೇ ಇತ್ತು.

"ಏಳು, ಬಸ್ಸಿಗೆ ಹೊತ್ತಾಯ್ತು" ಅಂದಳು ಕೊನೆಗೆ. "ಆ ಲಡಿ ಚಳ್ಳಕೆರೆಗೆ ತಗೊಂಡು ನಡಿ."

ಈಗ ಹಿಂದಿನ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಅವ್ವನ ತೋಳಿನ ಅಳತೆ ಮೊದಲಿನಷ್ಟಕ್ಕೆ ಬಂದಿಲ್ಲ, ಅರ್ಧ ಇಂಚು ಮೇಲೇರಿದೆ. ನಾನು ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಮನೆಗೆ ಬರುವ ಹೊತ್ತಿಗೆ ಅವಳು ಗೋಡೆಗೊರಗಿ, ಸಿಕ್ಕೇ ಇಲ್ಲದ ಆ ಗಿಳಿಹಸಿರು ಲಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಾಳೆ. ನನ್ನ ಚಪ್ಪಲಿಯ ಸದ್ದಾದರೆ ತಲೆ ಎತ್ತುವುದಿಲ್ಲ.

"ಎಷ್ಟೊತ್ತೇ ನಿಂದು? ಇಲ್ಲಿ ಕೆಲಸ ಬಿಟ್ಟು ಏಳೋಕಾಗ್ತಿಲ್ಲ. ತಟ್ಟೆ ತಗೊಂಬಾ" ಅನ್ನುತ್ತಾಳೆ.

ನಾನು ಕೈತೊಳೆದು ತಟ್ಟೆ ತರುತ್ತೇನೆ.