ಆನರ್ಸ್ ತಾಯಿ

ಓಹಾಯೊದ ನಮ್ಮ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಾಲೇಜಿನ ದಾರಿ ತೋರಿಸುವ ನನಗೆ ಡೋರೀನ್ ಹ್ಯಾಲೊರನ್‌ಳಂಥ ತಾಯಂದಿರ ಕಾಟ ತಪ್ಪಿದ್ದಲ್ಲ. ಸೊಟ್ಟ ಮಣ್ಣಿನ ಮಗ್ಗಿನಲ್ಲಿ ಕಾಫಿ ಹಿಡಿದೇ ನುಗ್ಗುತ್ತಾಳೆ. ಮಗಳ ಅಂಕಪಟ್ಟಿಯಲ್ಲಿ ಪ್ರತಿ ವಿಷಯದ ಪಕ್ಕದಲ್ಲೂ ಕಷ್ಟದ ತರಗತಿಯ ಗುರುತಾದ ‘ಆನರ್ಸ್’ ಇರಬೇಕು. ಬಿಟ್ಟರೆ ಊಟದ ಬಿಡುವಿಗೂ ಅಂಟಿಸಿಯಾಳು. “ಬರೀ ಕೆಮಿಸ್ಟ್ರಿ ಅಂತಿದ್ರೆ ಕಾಲೇಜಿನೋರು ಮೂಸಿನೂ ನೋಡಲ್ಲ ಸಾರ್!” ಎನ್ನುತ್ತಾಳೆ. “ಅಯ್ಯೋ ಮಹಾತಾಯಿ, ಆನರ್ಸ್ ಒಂದೊಂದು ಸ್ಕೂಲಲ್ಲಿ ಒಂದೊಂದು ಥರ. ಎಷ್ಟೋ ಕಾಲೇಜಿನೋರು ಅದಕ್ಕೆ ಕೊಟ್ಟ ಹೆಚ್ಚಿನ ಅಂಕ ತೆಗೆದುಹಾಕಿ ತಾವೇ ಲೆಕ್ಕ ಹಾಕ್ತಾರೆ!” ಎಂದರೆ ಕೇಳಬೇಕಲ್ಲ? ಆನರ್ಸ್ ಇಲ್ಲವೆಂದು ಈ ವರ್ಷ, ಮಗಳಿಗೆ ಪ್ರಾಣವಾಗಿದ್ದ ಕುಂಬಾರಿಕೆ ತರಗತಿಯನ್ನೇ ಬಿಡಿಸಲು ಬಂದಳು. ಅರ್ಜಿಗೆ ಸಹಿ ಹಾಕಲು ಮಗ್ ಕೆಳಗಿಡಿ ಎಂದೆ. “ಬೇಡ ಸಾರ್, ಬಿದ್ದು ಒಡೆದೋದ್ರೆ? ನನ್ನ ಮಗಳು ಕೈಯಾರೆ ಮಾಡಿದ್ದು,” ಎಂದು ಎದೆಗವಚಿಕೊಂಡೇ ಸಹಿ ಹಾಕಿದಳು.