ಲಾರಿ ಹತ್ತದ ಸಾವಕಾರರು

ರಾಯಚೂರಿನಲ್ಲಿ ಮೂರು ಲಾರಿ ಇಟ್ಟಿದ್ದ ಶರಣಪ್ಪ ಸಾವಕಾರರು ಅವುಗಳಲ್ಲಿ ಒಮ್ಮೆಯೂ ಕೂತವರಲ್ಲ. ಹಣೆತುಂಬ ವಿಭೂತಿ, ಕಂಕುಳಲ್ಲಿ ಕೊಡೆ, ಎಲ್ಲಿಗೆ ಹೋದರೂ ಸರ್ಕಾರಿ ಬಸ್ಸು. ಅವರ ಡ್ರೈವರಾಗಿದ್ದ ನಾನು ಇದನ್ನು ಸರಳತೆ ಎಂದೇ ನಂಬಿ, ಹೆಂಡತಿಯ ಮುಂದೆ ಹೊಗಳಿದ್ದೂ ಉಂಟು.

ಲಾರಿಯ ಮೇಲೆ ಅವರಿಗೆ ಬಹಳ ಭಕ್ತಿ. ಅಮಾವಾಸ್ಯೆಗೊಮ್ಮೆ ಹೊಸ ನಿಂಬೆಹಣ್ಣು, ಬಂಪರಿಗೆ ಕುಂಕುಮ. ಟೈರು ಮಾತ್ರ ನನ್ನ ತಲೆಯ ಹಾಗೆ ಬೋಳು. ಬ್ರೇಕ್ ಹಿಡಿಯುತ್ತಿಲ್ಲ ಎಂದು ದೂರಿದರೆ ಹೊಸ ಹಾರ್ನ್ ತಂದುಕೊಟ್ಟರು. "ಇದನ್ನ ಬಾರಿಸಲೇ ಹನುಮಂತ. ನೀ ಯಾಕ ನಿಲ್ಲತಿ? ಮುಂದಿನಾಂವ ಸರೀತಾನ." ನಿದ್ದೆ ಎಳೆಯುತ್ತದೆ ಎಂದರೆ, "ಹಸಿ ಮೆಣಸಿನಕಾಯಿ ಕಡಿ, ಕಣ್ಣು ತಾವ ತೆರೀತಾವ."

ಒಮ್ಮೆ ಮಾನ್ವಿ ದಾರಿಯಲ್ಲಿ, ಹೊರಲಾರದಷ್ಟು ಭತ್ತ ಹೇರಿದ್ದ ಲಾರಿಯ ಟೈರು ಸಿಡಿದು, ಗಾಡಿ ಸಮೇತ ನಾನು ಗದ್ದೆಗೆ ಉರುಳಿದೆ. ಕೈ ಮುರಿಯಿತು. ಸಾವಕಾರರು ಬಸ್ಸಿಳಿದು ಬಂದರು. ಟೈರನ್ನೂ ನೋಡಲಿಲ್ಲ, ನನ್ನ ಕೈಯನ್ನೂ ನೋಡಲಿಲ್ಲ.

"ಮುಂಜಾನೆ ಹೊರಡೂ ಮುಂದ ಯಾರ ಮಾರಿ ನೋಡಿದ್ದಿಲೇ?"

"ನಿಮ್ದೇ ರೀ."

ಆಮೇಲೆ ನಿಂಬೆಹಣ್ಣು ಎರಡಾದವು.

ಎಲುಬು ಕೂಡಿದ ಮೇಲೆ, ಬೇರೆ ಕೆಲಸ ಸಿಗದೆ, ಮತ್ತೆ ಅದೇ ಲಾರಿ ಹತ್ತಿದೆ. ಹೋದ ವರ್ಷ ದೇವದುರ್ಗದಲ್ಲಿ ಅವರ ಮೊಮ್ಮಗಳ ತೊಟ್ಟಿಲ ಕಾರ್ಯ. ನಾನೂ ಅಕ್ಕಿ ಹೇರಿಕೊಂಡು ಅಲ್ಲಿಗೇ ಹೊರಟಿದ್ದೆ. "ಬರ್ರಿ ಸಾವಕಾರ್ರೆ, ನಿಮ್ದೇ ಗಾಡಿ" ಎಂದು ಬಾಗಿಲು ತೆರೆದೆ. ಅವರು ಮೆಟ್ಟಿಲಿಗೆ ಕಾಲಿಟ್ಟರು. ಟೈರು ನೋಡಿದರು. ಕಾಲು ಹಿಂದಕ್ಕೆ ತೆಗೆದರು.

"ಬ್ರೇಕ್ ಹೆಂಗ ಅದಲೇ?"

"ನೀವು ಬಿಟ್ಟಂಗ ಅದ ರೀ. ನಿಂಬಿಹಣ್ಣು ಹೊಸಾವು ಅದಾವ, ಹತ್ರಿ."

"ನೀ ನಡಿ. ನಾ ಬಸ್ಸಿಗೆ ಬರ್ತೀನಿ."

ಅವರಿಗೆ ಎಲ್ಲವೂ ಮೊದಲಿನಿಂದಲೇ ಗೊತ್ತಿತ್ತು! ನನಗೆ ಮೈಯೆಲ್ಲ ಉರಿದುಹೋಯಿತು. ಕೀಲಿಯನ್ನು ಅವರ ಕೈಗಿಟ್ಟು, "ಹಂಗಾದ್ರ ನಾನೂ ಬಸ್ಸಿಗೇ ಬರ್ತೀನ್ರಿ" ಎಂದೆ.

ಇಬ್ಬರಿಗೂ ಸಿಕ್ಕಿದ್ದು ಒಂದೇ ಬಸ್ಸು. ಅವರು ಕಿಟಕಿ ಪಕ್ಕ, ನಾನು ಹಿಂದಿನ ಸೀಟಿನಲ್ಲಿ. ಮಸರಕಲ್ ಹತ್ತಿರ ಕುರಿಹಿಂಡು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ, ಬಸ್ಸು ಒಂದು ಮರಿಗೂ ತಾಗದೆ ನಿಂತಿತು. ಸಾವಕಾರರು ಜಾರಿದ ಕೊಡೆ ಎತ್ತಿಕೊಂಡು ನನ್ನತ್ತ ತಿರುಗಿದರು.

"ನೋಡಲೇ ಹನುಮಂತ, ಗಾಡಿ ಅಂದ್ರ ಹಿಂಗಿರಬೇಕು."

ಅವರಿಂದ ನಾನು ಕೇಳಿದ ಕೊನೆಯ ಮಾತು ಅದು. ಮತ್ತೆ ನಾನು ಕೆಲಸಕ್ಕೂ ಹೋಗಲಿಲ್ಲ, ಅವರನ್ನೂ ಕಾಣಲಿಲ್ಲ. ಲಾರಿ ಮಾತ್ರ ಕಾಣುತ್ತಿರುತ್ತದೆ, ಯಾರೋ ಹೊಸ ಡ್ರೈವರು. ಆ ಹಾರ್ನ್ ಕೇಳಿದೊಡನೆ ನಾನು ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲುತ್ತೇನೆ.