ಹೊರಗಾದವಳು

ಕೆನಡಾದ ಓಕ್‌ವಿಲ್‌ನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಾಗ, ಗರ್ಭಪಾತದ ಮಾತ್ರೆ ತೆಗೆದುಕೊಂಡು ಮನೆಯಲ್ಲಿರುವವರನ್ನು ಫೋನಿನಲ್ಲಿ ವಿಚಾರಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅವರಲ್ಲೊಬ್ಬಳು ಧಾರವಾಡದ ಕಡೆಯ ವಿದ್ಯಾರ್ಥಿನಿ. ವಿಟ್ಬಿ ಎಂಬ ಊರಿನಲ್ಲಿ ಮೈಸೂರಿನ ಆಂಟಿಯೊಬ್ಬರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಳು.

“ಬ್ಲೀಡಿಂಗ್ ಶುರುವಾಯ್ತಾ?” ಎಂದೆ.

“ಹೂಂ ರೀ ಅಕ್ಕಾ, ಹೊಟ್ಟಿ ಭಾಳ ನೋಯಾಕತ್ತೇತಿ. ಆಂಟಿಗೆ ಹೊರಗಾಗೇನಿ ಅಂತಷ್ಟ ಹೇಳೇನ್ರಿ. ಊಟಾನೂ ಬಾಗಿಲಿಗೇ ತಂದಿಡ್ತಾರ.”

ಮುಟ್ಟಾದವರನ್ನು ದೂರ ಕೂರಿಸುವ ಪದ್ಧತಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಹೆಂಗಸು ಅದನ್ನು ಕೆನಡಾಕ್ಕೂ ಹೊತ್ತು ತಂದಿದ್ದಾಳಲ್ಲ ಎಂದು ಹಲ್ಲು ಕಡಿದೆ. ನೋವಿಗೆ ಯಾವ ಮಾತ್ರೆ, ರಕ್ತ ಎಷ್ಟು ಹೋದರೆ ತಕ್ಷಣ ಆಸ್ಪತ್ರೆಗೆ ಓಡಬೇಕು ಎಂದೆಲ್ಲ ಹುಡುಗಿಗೆ ಬಿಡಿಸಿ ಹೇಳಿದೆ. ಅವಳು ಫೋನನ್ನು ಹಾಗೇ ಇಟ್ಟು ಬಾತ್‌ರೂಮಿಗೆ ಹೋದಳು.

ತಟ್ಟೆ ಇಟ್ಟ ಸದ್ದಾಯಿತು; ಊಟ ತಂದ ಆಂಟಿ ಒಳಗೆ ಬಂದು ಫೋನೆತ್ತಿಕೊಂಡರು.

“ನೀವ್ಯಾರು ಅಂತ ನಾನು ಕೇಳಲ್ಲಮ್ಮ,” ಎಂದು ದನಿ ತಗ್ಗಿಸಿದರು. “ಈ ಹೊರಗೆ ಕೂರೋದನ್ನೆಲ್ಲ ನಮ್ಮನೇಲಿ ಬಿಟ್ಟು ಯಾವ ಕಾಲವಾಯ್ತೋ. ಈ ಹುಡುಗಿ ಯಾರ ಕಣ್ಣಿಗೂ ಬೀಳದೆ ಮಲಗಬೇಕಿತ್ತಲ್ಲ, ಅದಕ್ಕೇ ಮತ್ತೆ ಶುರು ಮಾಡಿದೀನಿ.”